ಮೂರು ಮೂಲೆಯ ಹೊಲ

ಹೊಲವನ್ನು ಉಳುವವನಿಗೆ ಅದರ ವಿಸ್ತೀರ್ಣವು ಬರಿಯ ಲೆಕ್ಕವಲ್ಲ. ಬಿತ್ತುವ ಬೀಜ, ಅಣ್ಣತಮ್ಮಂದಿರ ಪಾಲು, ಸಲ್ಲಿಸಬೇಕಾದ ಕಂದಾಯ ಎಲ್ಲವೂ ಅದನ್ನೇ ಅವಲಂಬಿಸಿವೆ. ಹೊಲವು ಆಯತಾಕಾರವಾಗಿದ್ದರೆ ಉದ್ದವನ್ನು ಅಗಲದಿಂದ ಗುಣಿಸಿದರೆ ಸಾಕು. ಆದರೆ ಹಳ್ಳಕ್ಕೂ ದಾರಿಗೂ ನಡುವೆ ಸಿಕ್ಕಿದ ಭೂಮಿ ಎಷ್ಟೋ ವೇಳೆ ಮೂರು ಮೂಲೆಯದಾಗಿರುತ್ತದೆ. ಅದನ್ನು ಅಳೆಯುವ ಬಗೆ ಹೇಗೆ?

ಇದಕ್ಕೆ ಪ್ರಾಚೀನರಲ್ಲಿ ಒಂದು ಸುಲಭೋಪಾಯವಿತ್ತು. ಒಂದು ಭುಜವನ್ನು ಪಾದವೆಂದು ಎಣಿಸಿ, ಅದರ ಅರ್ಧವನ್ನು ಉಳಿದೆರಡು ಭುಜಗಳ ಮೊತ್ತದ ಅರ್ಧದಿಂದ ಗುಣಿಸುವುದೇ ಆ ಉಪಾಯ. ಬದುವಿನ ಮೇಲೆ ಒಂದು ಸುತ್ತು ನಡೆದರೆ ಅಳತೆ ಮುಗಿಯಿತು, ಹೊಲದೊಳಕ್ಕೆ ಇಳಿಯಬೇಕಾಗಿಲ್ಲ.

ಈ ಉಪಾಯವನ್ನು ನಮ್ಮ ಗುಂಟೆಯ ಲೆಕ್ಕದಲ್ಲಿ ಪರೀಕ್ಷಿಸಬಹುದು. 33 ಅಡಿ ಉದ್ದದ ಸರಪಳಿಯಿಂದ ಅಳೆದಾಗ ಒಂದು ಹೊಲದ ಪಾದ 14 ಸರಪಳಿ, ಉಳಿದ ಭುಜಗಳು 13 ಮತ್ತು 15 ಸರಪಳಿ ಎಂದಿರಲಿ. 7ನ್ನು 14ರಿಂದ ಗುಣಿಸಿದರೆ 98. ಇಂಥ ಒಂದು ಚದರ ಸರಪಳಿಯೇ ಒಂದು ಗುಂಟೆ. ಆದುದರಿಂದ ವಿಸ್ತೀರ್ಣ 98 ಗುಂಟೆ, ಅಂದರೆ 2 ಎಕರೆ 18 ಗುಂಟೆ ಎಂದಾಯಿತು.

ಈಗ ಎದುರಿನ ಮೂಲೆಯಿಂದ ಪಾದಕ್ಕೆ ಲಂಬವನ್ನು ಎಳೆದರೆ ಅದರ ಉದ್ದ 12 ಸರಪಳಿ. ಅದೇ ಪಾದ, ಅದೇ ಎತ್ತರವುಳ್ಳ ಆಯತವೊಂದು ಹೊಲವನ್ನು ಸುತ್ತುವರಿದಿದೆಯೆಂದು ಭಾವಿಸಿದರೆ, ಈ ಲಂಬವು ಅದನ್ನು ಎರಡು ಚಿಕ್ಕ ಆಯತಗಳಾಗಿ ವಿಭಾಗಿಸುತ್ತದೆ. ಹೊಲದ ಓರೆ ಭುಜಗಳೇ ಅವುಗಳ ಕರ್ಣಗಳು. ಕರ್ಣವು ಆಯತವನ್ನು ಸರಿಪಾಲು ಮಾಡುವುದರಿಂದ ಪ್ರತಿಯೊಂದರಲ್ಲಿಯೂ ಅರ್ಧಭಾಗ ಮಾತ್ರ ಹೊಲಕ್ಕೆ ಸೇರುತ್ತದೆ. ಹೀಗಾಗಿ ಪಾದ ಮತ್ತು ಎತ್ತರಗಳ ಗುಣಲಬ್ಧವಾದ 168ರ ಅರ್ಧ, ಎಂದರೆ 84 ಗುಂಟೆಯೇ ನಿಜವಾದ ವಿಸ್ತೀರ್ಣ.

ಸುಲಭೋಪಾಯದಿಂದ, ನೆಲದ ಮೇಲಿಲ್ಲದ 14 ಗುಂಟೆ ಲೆಕ್ಕದ ಪುಸ್ತಕದಲ್ಲಿ ಹುಟ್ಟಿಕೊಂಡಿತು! ಎರಡು ಓರೆ ಭುಜಗಳ ಸರಾಸರಿ ಯಾವಾಗಲೂ ಲಂಬಕ್ಕಿಂತ ಹೆಚ್ಚಾಗಿರುವುದರಿಂದ ಈ ತಪ್ಪು ಎಂದಿಗೂ ಕಡಿಮೆಯ ಕಡೆಗೆ ಹೋಗದು. ಅದನ್ನು ನಂಬಿ ಕಂದಾಯ ಕಟ್ಟುವವನಿಗೆ ಪ್ರತಿವರ್ಷವೂ ನಷ್ಟ; ಪಾಲು ಪಡೆಯುವವನಿಗೆ ಜೀವಮಾನದ ನಷ್ಟ.

ನಮ್ಮ ಗಣಿತಜ್ಞರು ಈ ಭೇದವನ್ನು ಬಲ್ಲವರಾಗಿದ್ದರು. ಪಾದಾರ್ಧವನ್ನು ಲಂಬದಿಂದ ಗುಣಿಸಬೇಕೆಂಬ ನಿಯಮವು ಕ್ರಿ.ಶ. 499ರ ಸುಮಾರಿನ ‘ಆರ್ಯಭಟೀಯ’ದಲ್ಲಿದೆ. 628ರಲ್ಲಿ ಬ್ರಹ್ಮಗುಪ್ತನು ಸುಲಭೋಪಾಯದ ಫಲವನ್ನು ‘ಸ್ಥೂಲ’ವೆಂದೇ ಕರೆದನು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ವ್ಯಾವಹಾರಿಕ ಫಲವನ್ನೂ ಸೂಕ್ಷ್ಮ ಫಲವನ್ನೂ ಬೇರೆಬೇರೆಯಾಗಿ ನಿರೂಪಿಸಿದನು.

ಯಾವ ಭುಜವನ್ನು ಪಾದವಾಗಿ ಆರಿಸಿದರೂ ಫಲವು ಒಂದೇ. 15 ಸರಪಳಿಯ ಭುಜವೇ ಪಾದವಾದರೆ ಎತ್ತರ 11.2 ಸರಪಳಿ, ವಿಸ್ತೀರ್ಣ ಮತ್ತೆ 84 ಗುಂಟೆ. ಅತಿ ಉದ್ದವಾದ ಭುಜವನ್ನು ಆರಿಸಿಕೊಂಡರೆ ಲಂಬವು ಹೊಲದೊಳಗೇ ಬೀಳುವುದರಿಂದ ಅಳೆಯುವವನಿಗೆ ಅನುಕೂಲ. ಆದರೆ ಆ ಲಂಬವನ್ನು ಅಳೆಯಬೇಕಾದರೆ ಅವನು ಬದುವನ್ನು ಬಿಟ್ಟು ಹೊಲದೊಳಕ್ಕೆ ಇಳಿಯಲೇಬೇಕು.