ಕ್ಯಾನ್ಸರ್ ಔಷಧಕ್ಕೆ ಬಿಡುವು ಏಕೆ?

ಕ್ಯಾನ್ಸರಿಗೆ ಕೊಡುವ ರಾಸಾಯನಿಕ ಚಿಕಿತ್ಸೆಯು, ಅಂದರೆ ಕೀಮೋಥೆರಪಿಯು, ಒಂದೇ ಬಾರಿಗೆ ಮುಗಿಯದೆ ಅನೇಕ ವೇಳೆ ಮೂರು ವಾರಗಳಿಗೊಮ್ಮೆ ಮರುಕಳಿಸುವುದೇಕೆ? ವಿಕಿರಣಶೀಲ ವಸ್ತುಗಳ ಕ್ಷಯವನ್ನು ಓದಿದ ವಿದ್ಯಾರ್ಥಿಗೆ ಈ ಲೆಕ್ಕ ಹೊಸದಲ್ಲ. ಇಲಿಗಳ ರಕ್ತದ ಕ್ಯಾನ್ಸರನ್ನು ಪರೀಕ್ಷಿಸಿದ ಅಮೆರಿಕದ ಸ್ಕಿಪ್ಪರ್ ಮತ್ತು ಸಂಗಡಿಗರು 1964ರಲ್ಲಿ ತೋರಿಸಿದಂತೆ, ಔಷಧದ ಒಂದು ಪ್ರಮಾಣವು ಇಂತಿಷ್ಟು ಸಂಖ್ಯೆಯ ಕೋಶಗಳನ್ನಲ್ಲ, ಇದ್ದುದರಲ್ಲಿ ಇಂತಿಷ್ಟು ಅಂಶವನ್ನು ಕೊಲ್ಲುತ್ತದೆ. ಸಾವಿರಕ್ಕೆ 999 ಸತ್ತವೆನ್ನೋಣ; ನೂರು ಕೋಟಿ ಕೋಶಗಳಿದ್ದಲ್ಲಿ ಹತ್ತು ಲಕ್ಷ ಉಳಿದೇ ಉಳಿಯುವುವು. ಗೆಡ್ಡೆ ಕಣ್ಮರೆಯಾದ ಮೇಲೂ ಚಿಕಿತ್ಸೆ ನಡೆಯುವುದು ಇದಕ್ಕಾಗಿಯೇ. ಮನುಷ್ಯರ ಗೆಡ್ಡೆಗಳು ಇಷ್ಟು ಸರಳವಾಗಿ ನಿಯಮ ಪಾಲಿಸುವುದಿಲ್ಲ, ನಿಜ.

ಹಾಗಾದರೆ ಎಡೆಬಿಡದೆ ಕೊಡಬಾರದೇಕೆ? ಈ ಔಷಧಗಳಲ್ಲಿ ಹೆಚ್ಚಿನವು ಬೇಗಬೇಗ ವಿಭಜನೆಗೊಳ್ಳುವ ಕೋಶಗಳನ್ನೆಲ್ಲ ಶತ್ರುಮಿತ್ರ ಭೇದವರಿಯದೆ ಹೊಡೆಯುತ್ತವೆ. ಕೂದಲು ಎರಡು ಮೂರು ವಾರಗಳಲ್ಲಿ ಉದುರತೊಡಗಬಹುದು. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ವಾಂತಿಗೆ ಈಗ ಒಳ್ಳೆಯ ಮದ್ದುಗಳಿವೆ. ಮೂಳೆಯ ಮಜ್ಜೆಯ ವಿಷಯ ಮಾತ್ರ ಗಂಭೀರವಾದುದು. ಅಲ್ಲಿ ಹುಟ್ಟುವ ಬಿಳಿಯ ರಕ್ತಕಣಗಳು ಬಹುಮಟ್ಟಿಗೆ 7ರಿಂದ 14ನೆಯ ದಿನದೊಳಗೆ ತೀರ ಕಡಿಮೆಯಾಗಿ, ಅನಂತರ ಚೇತರಿಸಿಕೊಳ್ಳುತ್ತವೆ. ಬಿಡುವು ಇರುವುದು ಈ ಚೇತರಿಕೆಗಾಗಿ. ಹೊರನೋಟಕ್ಕೆ ರೋಗಿಯು ಚೆನ್ನಾಗಿಯೇ ಕಾಣುವ ಆ ದಿನಗಳಲ್ಲಿ ಮೈಯ ಕಾವು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ, ಜ್ವರದ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯಬಾರದು. ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಬೇಕು.