ಸೊನ್ನೆ ಬಿಲ್ಲು, ಸೊನ್ನೆಯಲ್ಲದ ಲೆಕ್ಕ: ಹತ್ತನೇ ತರಗತಿಯಲ್ಲಿ ಮೂರು ಅವಧಿ

ತರಗತಿ: 10
ವಿಷಯ: ವಿಜ್ಞಾನ
ಘಟಕ: ವಿದ್ಯುಚ್ಛಕ್ತಿ
ವಿಸ್ತರಣಾ ಪಾಠ: ಕಡಿಮೆ ಇಂಗಾಲದ ಆರ್ಥಿಕತೆ ಮತ್ತು ತಂತ್ರಜ್ಞಾನ ಉದ್ಯಮ
ಅವಧಿ: ತಲಾ 40 ನಿಮಿಷದ 3 ತರಗತಿಗಳು

ಈ ಪಾಠ ಏಕೆ?

ವಿದ್ಯುತ್ ಸಾಮರ್ಥ್ಯದ ಪಾಠವನ್ನು ನಾವು ಸಾಮಾನ್ಯವಾಗಿ ಒಂದು ಲೆಕ್ಕದಿಂದ ಮುಗಿಸುತ್ತೇವೆ. ಇಷ್ಟು ವ್ಯಾಟ್‌ನ ಉಪಕರಣ, ದಿನಕ್ಕೆ ಇಷ್ಟು ಗಂಟೆ, ಯೂನಿಟ್‌ಗೆ ಇಷ್ಟು ರೂಪಾಯಿ, ತಿಂಗಳ ಖರ್ಚೆಷ್ಟು? ನಾನು ಬೋಧನಾಭ್ಯಾಸ ಮಾಡಿದ್ದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅಲ್ಲಿನ ಹೆಚ್ಚಿನ ಮಕ್ಕಳ ಮನೆಯ ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ. ರೂಪಾಯಿಯ ಲೆಕ್ಕ ಅವರಿಗೆ ಪರೀಕ್ಷೆಯ ಲೆಕ್ಕವಾಗಿ ಮಾತ್ರ ಉಳಿದಿದೆ. ಹಾಗಾಗಿ ಕೊನೆಯ ಹೆಜ್ಜೆಯನ್ನು ರೂಪಾಯಿಯ ಬದಲು ಇಂಗಾಲದ ಕಡೆಗೆ ತಿರುಗಿಸಿ ನೋಡೋಣ ಎಂದು ಈ ಪಾಠಯೋಜನೆ ಸಿದ್ಧಪಡಿಸಿಕೊಂಡೆ.

ನಿರೀಕ್ಷಿತ ಕಲಿಕಾ ಫಲಗಳು ಎರಡು. ಒಂದು, ಯೂನಿಟ್‌ನಿಂದ ಇಂಗಾಲದ ಡೈಆಕ್ಸೈಡ್‌ನ ಪ್ರಮಾಣವನ್ನು ಅಂದಾಜು ಮಾಡುವುದು. ಎರಡು, ಒಂದು ಹೊಸ ತಂತ್ರಜ್ಞಾನ ಇಂಗಾಲ ಉಳಿಸುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ಪರೀಕ್ಷಿಸುವ ಪ್ರಶ್ನೆ ಕೇಳುವುದು. ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಮನೆಯಿಂದ ತಂದ ವಿದ್ಯುತ್ ಬಿಲ್ಲುಗಳು, ಒಂದು 60 ವ್ಯಾಟ್‌ನ ಹಳೆಯ ಬಲ್ಬು, ಒಂದು 9 ವ್ಯಾಟ್‌ನ ಎಲ್‌ಇಡಿ ಬಲ್ಬು, ನಾಲ್ಕು ಚಟುವಟಿಕೆ ಕಾರ್ಡುಗಳು.

ಮೊದಲ ಅವಧಿ: ಬಿಲ್ಲಿನಿಂದ ಕಿಲೋಗ್ರಾಂಗೆ

ಬಿಲ್ಲನ್ನು ಓದಲು ಹೇಳಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಬಿಲ್ ಸೊನ್ನೆ ಬಂದಿದೆ ಮಿಸ್. ಮತ್ಯಾಕೆ ಉಳಿಸಬೇಕು?" ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿರಲಿಲ್ಲ. ಪ್ರಶ್ನೆಯನ್ನು ಹಾಗೆಯೇ ಕಪ್ಪುಹಲಗೆಯ ಮೇಲೆ ಬರೆದು, ಅದೇ ಬಿಲ್ಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆಯನ್ನು ಹುಡುಕಲು ಹೇಳಿದೆ. ಬಳಸಿದ ಯೂನಿಟ್ 62 ಎಂದಿತ್ತು.

ನಮ್ಮ ತಂತಿಗೆ ಶರಾವತಿಯ ನೀರಿನ ವಿದ್ಯುತ್ತೂ ಬರುತ್ತದೆ, ರಾಯಚೂರಿನ ಕಲ್ಲಿದ್ದಲಿನ ವಿದ್ಯುತ್ತೂ ಬರುತ್ತದೆ, ಪಾವಗಡದ ಬಿಸಿಲಿನದೂ ಬರುತ್ತದೆ. ತಂತಿಯೊಳಗೆ ಅವು ಬೇರೆಬೇರೆಯಾಗಿ ಇರುವುದಿಲ್ಲ. ದೇಶದ ಸರಾಸರಿ ತೆಗೆದರೆ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. 62ನ್ನು 0.7ರಿಂದ ಗುಣಿಸಿದರೆ 43.4. ಸೊನ್ನೆ ರೂಪಾಯಿಯ ಬಿಲ್ಲಿನ ಹಿಂದೆ 43 ಕಿಲೋಗ್ರಾಂ ಇದೆ ಎಂಬುದನ್ನು ಪ್ರಶ್ನೆ ಕೇಳಿದ ಹುಡುಗನೇ ಹಲಗೆಯ ಮೇಲೆ ಬರೆದ.

ಮುಂದೆ ಎರಡು ಬಲ್ಬುಗಳ ಹೋಲಿಕೆ. ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ 60 ವ್ಯಾಟ್‌ನ ಬಲ್ಬಿಗೆ 9 ಯೂನಿಟ್, 9 ವ್ಯಾಟ್‌ನ ಎಲ್‌ಇಡಿಗೆ 1.35 ಯೂನಿಟ್. ಉಳಿತಾಯ 7.65 ಯೂನಿಟ್, ಅಂದರೆ ಸುಮಾರು 5.4 ಕಿಲೋಗ್ರಾಂ. ಬೆಳಕು ಹೆಚ್ಚುಕಡಿಮೆ ಅಷ್ಟೇ.

ಈ ಉಳಿತಾಯ ಪ್ರಯೋಗಾಲಯದಿಂದ ಮನೆಗೆ ಬಂದ ದಾರಿಯನ್ನು ಹೇಳುವುದು ಅಗತ್ಯ. ನೀಲಿ ಬೆಳಕಿನ ಎಲ್‌ಇಡಿ ಕಂಡುಹಿಡಿದದ್ದಕ್ಕೆ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಆದರೆ ಆಗ ನಮ್ಮ ಹಳ್ಳಿಯ ಅಂಗಡಿಯಲ್ಲಿ ಆ ಬಲ್ಬು ಎಲ್ಲರ ಕೈಗೆಟಕುತ್ತಿರಲಿಲ್ಲ. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಆರಂಭಿಸಿದ ಉಜಾಲಾ ಯೋಜನೆ ಒಟ್ಟಿಗೆ ಕೋಟಿಗಟ್ಟಲೆ ಬಲ್ಬು ಕೊಳ್ಳತೊಡಗಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾಯಿತು. ಕರ್ನಾಟಕದಲ್ಲಿ ಇದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ವಿಜ್ಞಾನಿ, ಕಾರ್ಖಾನೆ, ಸರ್ಕಾರ ಮೂರೂ ಸೇರಿದಾಗಲೇ ಒಂದು ಆವಿಷ್ಕಾರ ಮನೆಯ ಹೋಲ್ಡರಿಗೆ ಬರುತ್ತದೆ ಎಂದು ಮಕ್ಕಳಿಗೆ ಅರ್ಥವಾಯಿತು.

ಮನೆಗೆಲಸ: ನಿಮ್ಮ ಮನೆಯಲ್ಲಿ ಈಗ ಎಷ್ಟು ಬಲ್ಬುಗಳಿವೆ? ಅಜ್ಜಿ ಅಥವಾ ಅಜ್ಜನ ಕಾಲದಲ್ಲಿ ಎಷ್ಟಿದ್ದವು? ಕೇಳಿಕೊಂಡು ಬನ್ನಿ.

ಎರಡನೇ ಅವಧಿ: ಒಂದರ ಲೆಕ್ಕ, ಒಟ್ಟು ಲೆಕ್ಕ

ಮರುದಿನ ಬಂದ ಉತ್ತರಗಳು ಒಂದೇ ಬಗೆಯವು. ಆಗ ನಡುಮನೆಗೆ ಒಂದು ಬಲ್ಬು, ಹೆಚ್ಚೆಂದರೆ ಅಡುಗೆಮನೆಗೆ ಇನ್ನೊಂದು. ಈಗ ಐದು, ಆರು, ಎಂಟು. ಕೊಟ್ಟಿಗೆಗೂ ಒಂದು, ಜಗಲಿಗೂ ಒಂದು. ಆರು ಎಲ್‌ಇಡಿ ತಿಂಗಳಿಗೆ 8.1 ಯೂನಿಟ್ ಬಳಸುತ್ತವೆ. ಹಳೆಯ ಒಂದೇ ಬಲ್ಬು 9 ಯೂನಿಟ್ ಬಳಸುತ್ತಿತ್ತು. ಒಂದು ಬಲ್ಬಿನ ಲೆಕ್ಕದಲ್ಲಿ 7.65 ಯೂನಿಟ್ ಉಳಿದಿತ್ತು; ಇಡೀ ಮನೆಯ ಲೆಕ್ಕದಲ್ಲಿ ಉಳಿದದ್ದು 0.9 ಮಾತ್ರ.

"ಹಾಗಾದರೆ ಉಳಿದ ಕರೆಂಟ್ ಎಲ್ಲಿ ಹೋಯ್ತು?" ಎಂದು ಕೇಳಿದೆ. "ಕೊಟ್ಟಿಗೆಗೆ ಹೋಯ್ತು ಮಿಸ್" ಎಂದಳು ಒಬ್ಬಳು. ತರಗತಿ ನಕ್ಕಿತು, ಆದರೆ ಉತ್ತರ ಸರಿಯಾಗಿತ್ತು. ಇಲ್ಲಿ ಒಂದು ಎಚ್ಚರ ಬೇಕು. ಕೊಟ್ಟಿಗೆಯ ಬೆಳಕು, ಓದುವ ಮೂಲೆಯ ಬೆಳಕು ದುಂದು ಅಲ್ಲ. ಕತ್ತಲಲ್ಲಿದ್ದ ಮನೆಗೆ ಬೆಳಕು ಬಂದದ್ದನ್ನು ತಪ್ಪು ಎಂದು ಮಕ್ಕಳಿಗೆ ಕಲಿಸಬಾರದು. ಪಾಠ ಹೇಳಬೇಕಾದದ್ದು ಇಷ್ಟೇ: ಒಂದೊಂದರ ಖರ್ಚು ಇಳಿಯುವುದು ಬೇರೆ, ಒಟ್ಟು ಖರ್ಚು ಇಳಿಯುವುದು ಬೇರೆ.

ಇದಕ್ಕೊಂದು ಹಳೆಯ ಉದಾಹರಣೆ ವ್ಯಾಟ್ ಎಂಬ ಏಕಮಾನದ ಹೆಸರಿನಲ್ಲೇ ಇದೆ. ಜೇಮ್ಸ್ ವ್ಯಾಟ್ ಸುಧಾರಿಸಿದ ಉಗಿಯಂತ್ರ ಅದೇ ಕೆಲಸವನ್ನು ಹಿಂದಿನ ಯಂತ್ರಕ್ಕಿಂತ ಕಡಿಮೆ ಕಲ್ಲಿದ್ದಲಿನಲ್ಲಿ ಮಾಡುತ್ತಿತ್ತು. ಯಂತ್ರ ನಡೆಸುವುದು ಅಗ್ಗವಾದ್ದರಿಂದ ಯಂತ್ರಗಳು ಎಲ್ಲೆಡೆ ಹೆಚ್ಚಿದವು, ಇಂಗ್ಲೆಂಡಿನ ಒಟ್ಟು ಕಲ್ಲಿದ್ದಲು ಬಳಕೆಯೂ ಹೆಚ್ಚಿತು. ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಇದನ್ನು ಗುರುತಿಸಿ ಬರೆದರು.

ನಂತರ ಮೊಬೈಲಿಗೆ ಬಂದೆವು. 5 ಆಂಪಿಯರ್ ಅವರ್‌ನ ಬ್ಯಾಟರಿ, ಸುಮಾರು 3.8 ವೋಲ್ಟ್. ಗುಣಿಸಿದರೆ 19 ವ್ಯಾಟ್ ಅವರ್. ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ತಿಂಗಳಿಗೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಮಕ್ಕಳಿಗೆ ಸಮಾಧಾನವಾಯಿತು. ಆಗ ಕೇಳಿದೆ: "ನೀವು ನೋಡುವ ವಿಡಿಯೊ ಫೋನಿನೊಳಗೆ ಇರುತ್ತದೆಯೇ?" ಇಲ್ಲ, ಅದು ಎಲ್ಲೋ ಇರುವ ಡೇಟಾ ಕೇಂದ್ರದಿಂದ ಬರುತ್ತದೆ. ಸಾವಿರಾರು ಕಂಪ್ಯೂಟರುಗಳು ಹಗಲುರಾತ್ರಿ ಓಡುವ, ಅವುಗಳನ್ನು ಬಿಡದೆ ತಂಪಾಗಿಡಬೇಕಾದ ಕಟ್ಟಡ ಅದು. ಅದರ ಕರೆಂಟು ನಮ್ಮ ಮನೆಯ ಮೀಟರಿಗೆ ಕಾಣುವುದಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಕೇಂದ್ರಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಜಗತ್ತಿನ ವಿದ್ಯುತ್ ಬಳಕೆಯ ಶೇ. 1.5ರಷ್ಟು. ಕೃತಕ ಬುದ್ಧಿಮತ್ತೆಯ ಬಳಕೆ ಏರುತ್ತಿರುವುದರಿಂದ 2030ರ ಹೊತ್ತಿಗೆ ಇದು 94,500 ಕೋಟಿ ಯೂನಿಟ್ ಮುಟ್ಟಬಹುದು ಎಂದು ಆ ಸಂಸ್ಥೆ ಹೇಳಿದೆ. ಒಂದೊಂದು ಚಿಪ್ ವರ್ಷದಿಂದ ವರ್ಷಕ್ಕೆ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಲೆಕ್ಕ ಮಾಡುತ್ತಿದೆ. ಒಟ್ಟು ಮಾತ್ರ ಏರುತ್ತಿದೆ. ಬಲ್ಬಿನ ಕಥೆಯೇ ಇದು ಎಂದು ನಾನು ಹೇಳುವ ಮೊದಲೇ ಮಕ್ಕಳು ಹೇಳಿದರು.

ಮೂರನೇ ಅವಧಿ: ಮೂರು ಅಂಕಣ

ತರಗತಿಯನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಕಾರ್ಡು ಕೊಟ್ಟೆ: ಎಲ್‌ಇಡಿ, ಡೇಟಾ ಕೇಂದ್ರ, ಹೈದರಾಬಾದಿನ ಒಂದು ಕಚೇರಿ, ಪಾವಗಡ. ತುಂಬಬೇಕಾದ ಅಂಕಣ ಮೂರು. ಒಂದಕ್ಕೆ ಎಷ್ಟು ಉಳಿಯಿತು? ಒಟ್ಟು ಏನಾಯಿತು? ಯಾರಿಗೆ ಸಿಕ್ಕಿತು?

ಹೈದರಾಬಾದಿನ ಕಾರ್ಡು ವಿಜ್ಞಾನ ಶಿಕ್ಷಕರಿಗೆ ಬಹಳ ಉಪಯುಕ್ತ. ಇನ್ಫೋಸಿಸ್ ಕಂಪನಿ ಅಲ್ಲಿನ ಪೋಚಾರಂ ಆವರಣದಲ್ಲಿ ಒಂದು ಕಚೇರಿ ಕಟ್ಟಡವನ್ನು ಒಂದೇ ರೀತಿಯ ಎರಡು ಭಾಗಗಳಾಗಿ ಕಟ್ಟಿತು. ಒಂದು ಭಾಗಕ್ಕೆ ಗಾಳಿಯನ್ನು ತಂಪು ಮಾಡಿ ಹರಿಸುವ ಎಂದಿನ ಹವಾನಿಯಂತ್ರಣ. ಇನ್ನೊಂದು ಭಾಗದಲ್ಲಿ ಕಾಂಕ್ರೀಟ್ ತಾರಸಿಯೊಳಗೆ ಕೊಳವೆ ಹಾಕಿ ತಣ್ಣೀರು ಹರಿಸಿ ಕೋಣೆ ತಂಪಾಗಿಸುವ ವ್ಯವಸ್ಥೆ. ಎರಡನ್ನೂ ಅಳೆದು ನೋಡಿದಾಗ ತಣ್ಣೀರಿನ ಭಾಗಕ್ಕೆ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ ಸಾಕಾಯಿತು. "ಎರಡು ಭಾಗ ಒಂದೇ ರೀತಿ ಯಾಕೆ ಕಟ್ಟಬೇಕಿತ್ತು?" ಎಂದು ಕೇಳಿ. ಉಳಿದದ್ದೆಲ್ಲ ಸಮಾನವಾಗಿದ್ದರೆ ಮಾತ್ರ ವ್ಯತ್ಯಾಸಕ್ಕೆ ಕಾರಣ ಯಾವುದೆಂದು ಹೇಳಬಹುದು ಎಂಬ ಪ್ರಯೋಗದ ನಿಯಮ ಈ ಉತ್ತರದಲ್ಲಿದೆ. ಒಂದು ಕಂಪನಿ ತನ್ನ ಮಾತನ್ನು ಹೀಗೆ ಅಳತೆಗೆ ಒಡ್ಡಿದರೆ ಅದನ್ನು ಮೆಚ್ಚಲೂ ಮಕ್ಕಳು ಕಲಿಯಬೇಕು.

ಪಾವಗಡ ನಮ್ಮದೇ ಜಿಲ್ಲೆಯದು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ 20.5 ಲಕ್ಷ ಯೂನಿಟ್. ಈ ಗುಣಾಕಾರ ಮಾಡಿದ ಗುಂಪು ಹಿಗ್ಗಿತು. ಆದರೆ ಮೋಡ ಬಂದರೆ, ರಾತ್ರಿಯಾದರೆ? ಇಲ್ಲಿ ತಂತ್ರಜ್ಞಾನದ ಇನ್ನೊಂದು ಪಾತ್ರ ಇದೆ. ದಿನವನ್ನು 15 ನಿಮಿಷಗಳ 96 ತುಂಡು ಮಾಡಿ, ಪ್ರತಿ ತುಂಡಿಗೂ ಎಷ್ಟು ವಿದ್ಯುತ್ ಬರುತ್ತದೆ, ಎಷ್ಟು ಬೇಕು ಎಂದು ಮೊದಲೇ ಅಂದಾಜು ಮಾಡಿ ಹೊಂದಿಸುತ್ತಾರೆ. ಹವಾಮಾನದ ಮಾಹಿತಿ, ಸಂವೇದಕ, ಕಂಪ್ಯೂಟರ್ ಲೆಕ್ಕ ಇಲ್ಲದೆ ಬಿಸಿಲಿನ ವಿದ್ಯುತ್ತನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ನಂಬಿ ಬಳಸುವುದು ಕಷ್ಟ. ಒಬ್ಬ ರೈತನ ಮಗ ತಕ್ಷಣ ಎದ್ದ: "ಹಾಗಾದ್ರೆ ಮೋಟಾರಿಗೆ ತ್ರೀ ಫೇಸ್ ಹಗಲಲ್ಲೇ ಕೊಡಬಹುದಲ್ಲ ಮಿಸ್? ನಮ್ಮಪ್ಪ ರಾತ್ರಿ ಹೊಲಕ್ಕೆ ಹೋಗೋದು ತಪ್ಪುತ್ತೆ." ಬಿಸಿಲಿರುವಾಗಲೇ ಬಳಕೆಯನ್ನೂ ಹೊಂದಿಸುವ ಈ ಯೋಚನೆ ಕಾರ್ಡಿನಲ್ಲಿ ಇರಲಿಲ್ಲ, ಅವನ ಮನೆಯಲ್ಲಿತ್ತು.

ಮೂರನೇ ಅಂಕಣ ಬಂದಾಗ ತರಗತಿ ಗಂಭೀರವಾಯಿತು. ಪಾವಗಡದಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು; ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಕೈಕೊಡುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ ಎಂದು ಗುಂಪು ಬರೆದಿತ್ತು. ಆ ಕಡೆ ನೆಂಟರಿರುವ ಹುಡುಗಿಯೊಬ್ಬಳು ಕೇಳಿದಳು: "ಜಮೀನು ಇದ್ದೋರಿಗೆ ಗುತ್ತಿಗೆ ದುಡ್ಡು ಬರುತ್ತೆ ಮಿಸ್. ಕಡಲೆಕಾಯಿ ಕೀಳೋಕೆ ಕೂಲಿಗೆ ಹೋಗ್ತಿದ್ದೋರಿಗೆ?" ನಾನು ಉತ್ತರ ಹೇಳದೆ ಆ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಮೂರನೇ ಅಂಕಣದಲ್ಲಿ ಬರೆದೆ. ಇಂಗಾಲ ಕಡಿಮೆಯಾದರೆ ಸಾಲದು, ಹೊಸ ಆರ್ಥಿಕತೆಯಲ್ಲಿ ಹಳೆಯ ಕೂಲಿಕಾರರಿಗೆ ಜಾಗ ಇರಬೇಕು ಎಂಬ ಮಾತಿಗೆ ಅದಕ್ಕಿಂತ ಸ್ಪಷ್ಟ ರೂಪ ಇಲ್ಲ.

ಮೌಲ್ಯಮಾಪನ

ಕೊನೆಗೆ ಒಂದೇ ಪ್ರಶ್ನೆ ಕೊಟ್ಟೆ: 'ನಮ್ಮ ಹೊಸ ಯಂತ್ರಕ್ಕೆ ಅರ್ಧ ಕರೆಂಟ್ ಸಾಕು' ಎಂದು ಒಂದು ಕಂಪನಿ ಜಾಹೀರಾತು ಕೊಟ್ಟಿದೆ. ಇಂಗಾಲ ಕಡಿಮೆಯಾಯಿತು ಎಂದು ಒಪ್ಪುವ ಮೊದಲು ನೀವು ಏನೇನು ಕೇಳುತ್ತೀರಿ? ಹೆಚ್ಚಿನ ಮಕ್ಕಳು 'ಅಂಥ ಯಂತ್ರ ಎಷ್ಟು ಮಾರಿದ್ದೀರಿ?' ಎಂದು ಬರೆದರು. ಕೆಲವರು 'ಆ ಕರೆಂಟು ಎಲ್ಲಿಂದ ಬರುತ್ತದೆ?', 'ಅಳೆದು ನೋಡಿದವರು ಯಾರು?' ಎಂದೂ ಸೇರಿಸಿದರು. ಲೆಕ್ಕದಲ್ಲಿ ಹಿಂದುಳಿದಿದ್ದ ಮಕ್ಕಳೂ ಈ ಪ್ರಶ್ನೆಗೆ ಖಾಲಿ ಹಾಳೆ ಕೊಡಲಿಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ

ತಂತ್ರಜ್ಞಾನ ಉದ್ಯಮವನ್ನು ಈ ವಿಷಯದಲ್ಲಿ ರಕ್ಷಕ ಎಂದೋ ಅಪರಾಧಿ ಎಂದೋ ಬಿಂಬಿಸುವುದು ಸುಲಭ. ಭಾಷಣ ಸ್ಪರ್ಧೆಗೆ ಅದು ಸಾಕು, ವಿಜ್ಞಾನ ತರಗತಿಗೆ ಸಾಲದು. ಉದ್ಯಮ ದಕ್ಷ ಸಾಧನ ಕೊಡಬಲ್ಲದು, ಅಳತೆ ಕೊಡಬಲ್ಲದು, ಬಿಸಿಲು ಗಾಳಿಯ ವಿದ್ಯುತ್ತನ್ನು ಹೊಂದಿಸಬಲ್ಲದು. ಒಟ್ಟು ಬಳಕೆ ಎಷ್ಟಿರಬೇಕು, ಅದರ ಫಲ ಯಾರಿಗೆ ಸಿಗಬೇಕು ಎಂಬುದನ್ನು ಯಾವ ಯಂತ್ರವೂ ತೀರ್ಮಾನಿಸುವುದಿಲ್ಲ. ಅದು ನಾಳೆ ಮತ ಹಾಕುವ ಈ ಮಕ್ಕಳ ಕೆಲಸ. ನಿಮ್ಮ ಶಾಲೆಯ ಹತ್ತಿರ ಸೌರ ಫಲಕಗಳು ಇಲ್ಲದಿದ್ದರೆ ಗಾಳಿಯಂತ್ರ, ಜಲವಿದ್ಯುತ್ ಕೇಂದ್ರ ಅಥವಾ ಊರಿನ ಮೊಬೈಲ್ ಟವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಮೂರು ಅಂಕಣಗಳನ್ನು ಮಾತ್ರ ಬಿಡಬೇಡಿ, ಮೂರನೆಯದನ್ನು ತುಂಬಲು ಮಕ್ಕಳಿಗೆ ಸಾಕಷ್ಟು ಸಮಯ ಕೊಡಿ.