ಏರಿಳಿದದ್ದು ಸೀಸಿಯಂ ಅಲ್ಲ
ನಮ್ಮ ಲ್ಯಾಬಿನ ಸೀಸಿಯಂ-137 ಮೂಲದ ಕೌಂಟ್ ಚಳಿಗಾಲದಲ್ಲಿ ಏರುತ್ತಿತ್ತು, ಬೇಸಿಗೆಯಲ್ಲಿ ಇಳಿಯುತ್ತಿತ್ತು. ವರ್ಷಕ್ಕೆ ಸುಮಾರು ಶೇ. 2.3ರಷ್ಟು ತಾನಾಗಿ ಕುಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಲೆ ಉಳಿಯಿತು. ವಿಭಾಗದ ಹಿರಿಯ ಪ್ರಾಧ್ಯಾಪಕರಿಗೆ ಸಂಭ್ರಮ; ಪೇಪರ್ ಬರೆಯಲು ಹೊರಟರು. ಪರ್ಡ್ಯೂ ವಿಶ್ವವಿದ್ಯಾಲಯದ ಜೆಂಕಿನ್ಸ್, ಫಿಶ್‌ಬ್ಯಾಕ್ 2008ರಿಂದ ಹೇಳುತ್ತಿದ್ದುದೂ ಇಂಥದ್ದನ್ನೇ: ಭೂಮಿಗೂ ಸೂರ್ಯನಿಗೂ ಇರುವ ದೂರಕ್ಕೆ ತಕ್ಕಂತೆ ವಿಕಿರಣಶೀಲ ಕ್ಷಯದ ವೇಗ ಬದಲಾಗುತ್ತದೆ ಎಂದು. ಆಧಾರ, ಅಮೆರಿಕದ ಬ್ರೂಕ್‌ಹೇವನ್ ಮತ್ತು ಜರ್ಮನಿಯ ಪಿಟಿಬಿ ಪ್ರಯೋಗಾಲಯಗಳ ಹಳೆಯ ದಾಖಲೆಗಳು.

ನನ್ನ ತಕರಾರು ಒಂದೇ. ಭೂಮಿ ಸೂರ್ಯನಿಂದ ಅತಿ ದೂರ ಇರುವುದು ಜುಲೈ ಮೊದಲ ವಾರ. ದೂರವೇ ಕಾರಣವಾದರೆ ಕೌಂಟ್ ತಳ ಮುಟ್ಟಬೇಕಾದದ್ದು ಆಗ; ನಮ್ಮದು ಮುಟ್ಟಿದ್ದು ಏಪ್ರಿಲ್‌ನಲ್ಲಿ, ಇಲ್ಲಿನ ಬೇಸಿಗೆಯಲ್ಲಿ. ಬ್ರೂಕ್‌ಹೇವನ್ ಇರುವ ನ್ಯೂಯಾರ್ಕ್ ಕಡೆ ಜುಲೈ ಎಂದರೆ ಸೆಕೆಗಾಲ; ದೂರವೂ ಸೆಕೆಯೂ ಅಲ್ಲಿ ಒಟ್ಟಿಗೇ ಬರುತ್ತವೆ. ನಮ್ಮ ಲ್ಯಾಬ್ ಇರುವ ಮೈಸೂರಿನಲ್ಲಿ ಜುಲೈಗೆ ಮಳೆ ಹಿಡಿದು ತಂಪಾಗಿರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಊರು ಬೇಕೆ?

ಸಭೆಯಲ್ಲಿ ಹೇಳಿದೆ. "ಏನಮ್ಮ, ಪರ್ಡ್ಯೂನವರಿಗೆ ಹೊಳೆಯದ್ದು ನಿನಗೆ ಹೊಳೀತಾ?" ಎಂದರು ಸರ್, ಎಲ್ಲರೆದುರು. ಯಾರೂ ತುಟಿ ಬಿಚ್ಚಲಿಲ್ಲ. ಪೇಪರಿನಲ್ಲಿ ನನ್ನ ಹೆಸರು ಬೇಡ ಸರ್ ಎಂದೆ. "ಹಾಗಾದ್ರೆ ಪಿಎಚ್‌ಡಿನೂ ಬೇಡ ಅನ್ನು." ಗಂಟಲು ಕಟ್ಟಿತು. ಆದರೂ ಲ್ಯಾಬಿಗೆ ಬನ್ನಿ ಎಂದು ಕರೆದೆ. ಎಸಿ ಆರಿಸಿ ಬಾಗಿಲು ಹಾಕಿದೆ. ಡಿಟೆಕ್ಟರಿನ ಹರಳಿಗೆ ಬಿಸಿ ತಟ್ಟಲು ಗಂಟೆಗಳೇ ಹಿಡಿದವು; ಒಬ್ಬೊಬ್ಬರೇ ಎದ್ದು ಹೋದರು, ಸರ್ ಮಾತ್ರ ಕೈಕಟ್ಟಿ ನಿಂತಿದ್ದರು. ಕೊನೆಗೆ ಪರದೆಯ ಮೇಲಿನ ಸೀಸಿಯಂನ 662 ಕೆಇವಿ ಪೀಕ್ ಎಡಕ್ಕೆ ಜರುಗತೊಡಗಿತು. ಸೋಡಿಯಂ ಅಯೊಡೈಡ್ ಹರಳು, ಫೋಟೋಮಲ್ಟಿಪ್ಲೈಯರ್ ಕಾದಾಗ ಸಂಕೇತ ಕುಗ್ಗುತ್ತದೆ. ಆದರೆ ನಾವು ಎಣಿಕೆಗೆ ಆರಿಸಿಟ್ಟ ಶಕ್ತಿಯ ವ್ಯಾಪ್ತಿ, ಅಂದರೆ ವಿಂಡೋ, ಇದ್ದಲ್ಲೇ ಇರುತ್ತದೆ. ಪೀಕಿನ ಅಂಚು ವಿಂಡೋದಿಂದ ಆಚೆ ಹೋಯಿತು, ಕೌಂಟ್ ಇಳಿಯಿತು. ಸರ್ ಏನೂ ಹೇಳದೆ ಹೊರಟರು. ಪೇಪರ್ ಅಲ್ಲಿಗೇ ನಿಂತಿತು.

ಸಂಜೆಯಾದೊಡನೆ ಎಸಿ ಆರಿಸಬೇಕೆಂದು ಆದೇಶ ಹೊರಡಿಸಿ, ಲ್ಯಾಬಿನ ಉಷ್ಣತೆ ಋತುವಿನೊಂದಿಗೆ ಏರಿಳಿಯಲು ಬಿಟ್ಟ ಆಡಳಿತ ಕಚೇರಿಯನ್ನು ನಾನು ಇನ್ನೂ ಕ್ಷಮಿಸಿಲ್ಲ. ಎಸಿ ಆರಿಸಬೇಡಿ ಎಂಬ ನನ್ನ ಅರ್ಜಿಗಳು ಅಲ್ಲೇ ಕೊಳೆತವು.

2016ರಲ್ಲಿ ವಿಜ್ಞಾನಿ ಪೊಮ್ಮೆ ಮತ್ತು ಸಂಗಡಿಗರು ಜಗತ್ತಿನ 14 ಪ್ರಯೋಗಾಲಯಗಳ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದರು. ಅತಿ ಸ್ಥಿರವಾದ ಅಳತೆಗಳಲ್ಲಿ ವಾರ್ಷಿಕ ಏರಿಳಿತ ಇದ್ದರೂ ಅದು ಶೇ. 0.008 ಮೀರದು, ಉಳಿದ ಅಲೆಗಳೆಲ್ಲ ಉಪಕರಣ ಮತ್ತು ಪರಿಸರದ್ದು ಎಂದು ಬರೆದರು. ಅದನ್ನು ಓದಿದ ದಿನ ನನಗಾದ ಸಮಾಧಾನ ಸಣ್ಣದಲ್ಲ.

ಈಗ ಎಣಿಕೆಗೆ ಕೂರುವವರು ಕೋಣೆಯ ಉಷ್ಣತೆ, ತೇವಾಂಶ, ಹಿನ್ನೆಲೆ ಕೌಂಟ್ ಮೂರನ್ನೂ ದಿನವೂ ಬರೆದಿಡಿ. ಪೀಕ್ ಎಲ್ಲಿದೆ ಎಂದು ನೋಡದೆ ವಿಂಡೋವನ್ನು ನಂಬಬೇಡಿ. ಅಲೆ ಕಂಡರೆ, ಅದರ ತಳ ಯಾವ ತಿಂಗಳಲ್ಲಿದೆ ಎಂದು ಮೊದಲು ನೋಡಿ.